ಸೂಜಿ ಕುದಿಸಿದವಳು

ಹೊಸದುರ್ಗ
ಮಂಗಳವಾರ, 8-11-1977

ಪ್ರೀತಿಯ ತಂಗಿ ನಿಂಗಿಗೆ,

ನಿನ್ನ ಅಕ್ಕ ಕೆಂಚಕ್ಕನ ಆಶೀರ್ವಾದಗಳು. ನಾನಿಲ್ಲಿ ಎದ್ದು ಓಡಾಡಿಕೊಂಡಿದ್ದೇನೆ. ನಿನ್ನ ಗಂಟಲು, ಮಂಡಿನೋವು ಎರಡೂ ಹದದಲ್ಲಿವೆ ಎಂದುಕೊಂಡಿದ್ದೇನೆ. ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ನಿಮ್ಮ ನಾಟಕ ಕಂಪನಿ ಚಿತ್ರದುರ್ಗದಲ್ಲಿ ಡೇರೆ ಹಾಕಿ ಎರಡು ತಿಂಗಳಾದರೂ ಒಂದು ಸಲ ಬಸ್ಸು ಹತ್ತಿ ಬರಲಿಲ್ಲ. ಆಸ್ಪತ್ರೆಯಲ್ಲಿ ರಜೆ ಕೊಡುತ್ತಿಲ್ಲ ಎಂದು ಹೇಳಿ ಕಳಿಸಿದ್ದು ಸುಳ್ಳು. ಬೈಯುವುದಿದ್ದರೆ ಕಾಗದ ಪೂರ್ತಿ ಓದಿ ಆಮೇಲೆ ಬೈ. ಅಂಚೆಗೆ ಹಾಕಿದರೆ ತಡವಾದೀತೆಂದು ಬಸ್ ಕಂಡಕ್ಟರ್ ದುರುಗಣ್ಣನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ.

ಗುರುವಾರ ನೀನು ಆ ಲಾಡ್ಜಿಗೆ ಹೋಗಕೂಡದು. ಇದು ಮೊದಲನೆಯ ಮಾತು.

ನಿಮ್ಮ ಮಾಲೀಕ ಚಿತ್ತಪ್ಪ, "ಲೈಟ್ ಬಿದ್ರೆ ಮುಖದಾಗಿನ ಗೆರೆ ಎಲ್ಲ ಎದ್ದು ಕಾಣ್ತಾವೆ ನಿಂಗಮ್ಮ, ಮುಂದಿನ ಕ್ಯಾಂಪಿಗೆ ನಾಯಕಿ ಪಾತ್ರ ಬ್ಯಾರೆ ಹುಡುಗಿಗೆ ಕೊಡಬೇಕಾಗ್ತೈತೆ" ಎಂದನಂತೆ. ಅದಕ್ಕೆ ಸರಿಯಾಗಿ ಬೊಂಬಾಯಿಯ ಡಾಕ್ಟರೊಬ್ಬ ಲಾಡ್ಜಿನಲ್ಲಿ ಇಳಿದುಕೊಂಡು ಸುಕ್ಕು ಹೋಗಲಾಡಿಸುವ ಇಂಜೆಕ್ಷನ್ ಕೊಡುತ್ತಿದ್ದಾನಂತೆ. 'ಹೊಸದುರ್ಗದ ಸರ್ಕಾರಿ ನರ್ಸೇ ಹಾಕಿಸಿಕೊಂಡಿದ್ದಾರೆ ಎಂದು ಅವನೇ ಹೇಳಿದ, ಇನ್ನೇನು ಭಯ' ಎಂದು ಬರೆದಿದ್ದೀಯ. ಆ ನರ್ಸು ನಾನೇ ಕಣೇ. ನಿನ್ನ ಅಕ್ಕನೇ.

ನಗಬೇಡ. ಕಳೆದ ಯುಗಾದಿಗೆ ಮುಂಚೆ ಒಂದು ಹೆರಿಗೆ ಮಾಡಿಸಿ ಮಗುವನ್ನು ತಾಯಿಯ ಪಕ್ಕ ಮಲಗಿಸಿದರೆ, ಆ ಹುಡುಗಿ ನನ್ನ ಮುಖ ನೋಡಿ, "ಅಜ್ಜೀ, ಗಂಡೋ ಹೆಣ್ಣೋ?" ಎಂದಳು. ನಲವತ್ತೇಳಕ್ಕೇ ಅಜ್ಜಿ! ಗಂಡ ಸತ್ತಾಗಲೂ ಕನ್ನಡಿ ಮುಂದೆ ನಿಂತು ಅತ್ತವಳಲ್ಲ ನಾನು. ಅವತ್ತು ಅತ್ತೆ. ಅದೇ ವಾರ ಆ ಮನುಷ್ಯ ಇಲ್ಲಿನ ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜಿಗೆ ಬಂದಿದ್ದ. ಪಕ್ಕದ ಮನೆಯ ಟೈಲರ್ ಖಾತುನ್ ಬೀಯನ್ನು ಜೊತೆಗೆ ಕರೆದುಕೊಂಡು ಹೋದೆ.

ಅಲ್ಲಿ ನನ್ನ ದರ್ಬಾರು ನೋಡಬೇಕಿತ್ತು ನೀನು. "ನಿಮ್ಮ ಸೂಜಿ ಸಿರಿಂಜು ಇತ್ಲಾಗೆ ಕೊಡ್ರಿ, ನಾನೇ ಕುದಿಸ್ತೀನಿ" ಎಂದು ಕಸಿದುಕೊಂಡೆ. ಲಾಡ್ಜಿನ ಅಡುಗೆಯವನ ಸ್ಟೌ ಮೇಲೆ ಇಪ್ಪತ್ತು ನಿಮಿಷ, ಗಡಿಯಾರ ನೋಡಿ ಕುದಿಸಿದೆ. ಸೂಜಿಯ ತುದಿಯನ್ನು ಹತ್ತಿಗೆ ಎಳೆದು ಮೊಂಡಾಗಿದೆಯೋ ಎಂದು ನೋಡಿದೆ. ಅವನ ಕೈಯನ್ನೂ ಎರಡು ಸಲ ತೊಳೆಸಿದೆ. ಆತ, "ನಿಮ್ಮಂಥ ಸಿಸ್ಟರ್ ಇದ್ರೆ ಭಯವೇ ಇಲ್ಲ ಬಿಡ್ರಿ" ಎಂದ. ನಾನು ಉಬ್ಬಿಹೋದೆ.

ಸೀಸೆಯಲ್ಲಿ ಏನಿದೆ ಎಂದು ಮಾತ್ರ ಕೇಳಲಿಲ್ಲ. ಅದಕ್ಕೆ ಚೀಟಿ ಇರಲಿಲ್ಲ, ಮುಚ್ಚಳ ಮೊದಲೇ ಬಿಚ್ಚಿತ್ತು, ಒಳಗೆ ಎಣ್ಣೆಯಂಥ ಮದ್ದು. ಎಲ್ಲ ಕಣ್ಣಿಗೆ ಬಿದ್ದಿತ್ತು, ಬಾಯಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ ನಮ್ಮ ಕೆಲಸವೇ ಹಾಗೆ: ಸೂಜಿ ನರ್ಸಿನದು, ಮದ್ದು ಡಾಕ್ಟರದು. ಡಾಕ್ಟರು ಬರೆದದ್ದನ್ನು ಕೊಡಬೇಕು, ಯಾಕೆ ಏನು ಎಂದರೆ ಅಧಿಕಪ್ರಸಂಗ. ಎದುರಿಗಿದ್ದವನು ಡಾಕ್ಟರೇ ಹೌದೋ ಅಲ್ಲವೋ ಎಂದು ಯೋಚಿಸುವ ಮೊದಲೇ ನಾನು ಅವನ ನರ್ಸಾಗಿಬಿಟ್ಟಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಹದಿನೈದು ದಿನ ಕೆನ್ನೆ ನುಣ್ಣಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕೆಂಪಗಾಗಿ ಊದಿತು. ಈಗ ಎಡಗೆನ್ನೆಯ ಒಳಗೆ ಹುಣಸೆ ಬೀಜದಂಥ ಎರಡು ಗಂಟು ಕೂತಿವೆ, ಚಳಿಗೆ ನೋಯುತ್ತವೆ. ಇಷ್ಟು ದಿನ ಸೆರಗು ಎಳೆದುಕೊಂಡು ಓಡಾಡಿದೆ. ನಮ್ಮ ಡಾಕ್ಟರು ಹನುಮಂತಯ್ಯನವರ ಮುಂದೆ ಕೊನೆಗೂ ಸೆರಗು ಸರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಸಿಸ್ಟರ್, ಬಾಟ್ಲಿ ಮ್ಯಾಲೆ ಏನು ಬರ್ದಿತ್ತು?" ಚೀಟಿಯೇ ಇರಲಿಲ್ಲ ಎಂದೆ. "ಒಳಗೆ ಹೋದದ್ದು ಏನು ಅಂತ ಗೊತ್ತಿಲ್ದೆ ಹೊರಗೆ ತೆಗೆಯೋದು ಹೆಂಗ್ರಿ?" ಎಂದರು.

ಅಜ್ಜಿ ಆಗುವುದು ಅಷ್ಟು ಸುಖದ ಸಂಗತಿ ಎಂದು ಉಪದೇಶ ಮಾಡಲು ನಾನೇನು ಸನ್ಯಾಸಿಯಲ್ಲ. ಮುಖ ನಿನ್ನದು, ಹೊಟ್ಟೆಪಾಡು ನಿನ್ನದು. ನಿನಗೆ ಬೇಕೇ ಬೇಕೆಂದರೆ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಚರ್ಮದ ಡಾಕ್ಟರನ್ನು ನೋಡೋಣ, ರಜೆ ಹಾಕಿ ನಾನೇ ಬರುತ್ತೇನೆ. ಆದರೆ ಅಲ್ಲೂ ಬಾಯಿ ಬಿಟ್ಟು ಕೇಳಬೇಕು. ಈ ಮದ್ದಿನ ಹೆಸರೇನು, ಸೀಸೆ ತೋರಿಸಿ, ನನ್ನ ಕಣ್ಣೆದುರಿಗೇ ಒಡೆಯಿರಿ ಎನ್ನಬೇಕು. ನೀನು ನುಂಗುವ ಮಾತ್ರೆಗಳ ಹೆಸರನ್ನು ಅವರಿಗೆ ಹೇಳಬೇಕು. ಇದು ತಾನೇ ಕರಗುತ್ತದೋ, ಕೆಟ್ಟರೆ ಏನು ಮಾಡುತ್ತೀರಿ, ಮುಂದಿನ ತಿಂಗಳು ನೀವು ಎಲ್ಲಿ ಸಿಗುತ್ತೀರಿ ಎಂದೂ ಕೇಳು. ಕೇಳಿದರೆ ಸಿಟ್ಟಾಗುವವನು ನಿನ್ನ ಮುಖ ಮುಟ್ಟಬಾರದು. ಲಾಡ್ಜಿನಲ್ಲಿ ಪೆಟ್ಟಿಗೆ ಬಿಚ್ಚಿ ಕೂತವನಂತೂ ಬೇಡವೇ ಬೇಡ. ಚುಚ್ಚುವಾಗ ಚರ್ಮ ಬಿಳಿಚಿಕೊಂಡರೆ, ತಡೆಯಲಾಗದ ನೋವು ಬಂದರೆ, ಕಣ್ಣು ಮಂಜಾದರೆ "ನಿಲ್ಲಿಸ್ರಿ" ಎಂದು ಕೂಗಿ ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು. ನಾಚಿಕೆ ಮಾಡಿಕೊಂಡು ಕೂರಬಾರದು.

ಚಿತ್ತಪ್ಪನಿಗೂ ಒಂದು ಮಾತು ಹೇಳು. ನೆಲದ ಮೇಲೆ ಕೂತು ನಾಟಕ ನೋಡುವವರಿಗೆ ನಿನ್ನ ಸುಕ್ಕು ಕಾಣುವುದಿಲ್ಲ, ನಿನ್ನ ದನಿ ಕೇಳುತ್ತದೆ. ಹೊಳಲ್ಕೆರೆ ಕ್ಯಾಂಪಿನಲ್ಲಿ ನೀನು ಮಗನನ್ನು ಕಳೆದುಕೊಂಡ ರಾಣಿಯ ಪಾತ್ರ ಮಾಡಿದಾಗ ನನ್ನ ಪಕ್ಕದ ಹೆಂಗಸು ಕಡಲೆಕಾಯಿ ತಿನ್ನುವುದನ್ನೇ ಮರೆತು ಅಳುತ್ತಿದ್ದಳು. ಅವನು ತರುವ ಹೊಸ ನಾಯಕಿ ಹಾಗೆ ಅಳಿಸಲಿ ನೋಡೋಣ.

ಗುರುವಾರ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಹನುಮಂತಯ್ಯನವರು ಬರೆದುಕೊಟ್ಟ ಕಾಗದ ಕೈಯಲ್ಲಿದೆ. ಮೊದಲು ಪೊಲೀಸ್ ಸ್ಟೇಷನ್ನು, ಆಮೇಲೆ ನಿಮ್ಮ ಡೇರೆ. ಸೆರಗು ಎಳೆದುಕೊಂಡು ಬರುವುದಿಲ್ಲ. ನೋಡಿದವರು ನೋಡಲಿ.

ನಿನ್ನ ದನಿ ನೂರು ಕಾಲ ಗಟ್ಟಿಯಾಗಿರಲಿ, ಮುಖದ ಮೇಲೆ ನಗು ಇರಲಿ.

ನಿನ್ನ ಅಕ್ಕ,
ಕೆಂಚಕ್ಕ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಕೈ ಬಂದಿರಲಿಲ್ಲ. ಎದುರಿಗೆ ಕೂತು ಹೇಳಲಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ಖಾತುನ್ ಬೀ ಬರೀ ಜೊತೆಗೆಂದು ಬಂದಿದ್ದಳು. "ನಂಗೆ ಬ್ಯಾಡ ಕೆಂಚಕ್ಕ" ಎಂದವಳನ್ನು "ಹುಬ್ಬಿನ ನಡುವೆ ಎರಡು ಗೆರೆ ಅಷ್ಟೆ, ಸೂಜಿ ನಾನೇ ಕುದಿಸಿದೀನಿ" ಎಂದು ಕುರ್ಚಿಗೆ ಕೂರಿಸಿದವಳು ನಾನು. ಅವಳ ಬಲಗಣ್ಣು ಹೋಯಿತು ನಿಂಗಿ. ಅಂದಿನಿಂದ ಕಾಣುವುದೇ ಇಲ್ಲ. ಕೇಳಿದವರಿಗೆಲ್ಲ "ಏನೋ ಬ್ಯಾನೆ ಬಂದು ಹೋಯ್ತು" ಎನ್ನುತ್ತಾಳೆ, ನನ್ನ ಹೆಸರು ಎತ್ತುವುದಿಲ್ಲ. ಗುರುವಾರ ಪೊಲೀಸರ ಮುಂದೆ ಆ ಹೆಸರನ್ನು ನಾನೇ ಬರೆಸುತ್ತೇನೆ. ಸೂಜಿ ಇನ್ನೂ ಒಳಗಿದ್ದಾಗಲೇ ಅವಳು, "ಕೆಂಚಕ್ಕ, ಕಣ್ಣು ಕತ್ಲಾಗ್ತೈತೆ" ಎಂದಳು. ಅವಳ ತಲೆ ಹಿಡಿದುಕೊಂಡಿದ್ದವಳು ನಾನು. "ಅಲ್ಲಾಡಬ್ಯಾಡ ಖಾತುನ್, ಇನ್ನೊಂದ್ ಚೂರು" ಎಂದೆ.