ಜಾಗ ಕಾದವನ ಬೆರಳು

ಜೂನ್ ೧೧, ಮಂಗಳವಾರ

ಇವತ್ತೂ ಸಾಂತಾಕ್ರೂಜ್. ಹೋಟೆಲಿನ ಲಾಂಡ್ರಿ. ಚಾದರ, ಟವೆಲ್, ಮತ್ತೆ ಚಾದರ. ಬಿಸಿ ಆವಿಗೆ ಮುಖ ಬೆಂದುಹೋಗುತ್ತದೆ. ಆದರೂ ತಗಡು ಒತ್ತುವ ಪ್ರೆಸ್ ಮಶೀನಿನ ಸದ್ದಿಲ್ಲ. ಹನ್ನೆರಡು ವರ್ಷದಲ್ಲಿ ಕಿವಿಗೆ ಮೊದಲ ರಜೆ.

ಹೋಟೆಲ್ ಆಫೀಸಿನ ನಮಿತಾ ಮೇಡಂ ಟ್ರಯಲ್ ಮುಗಿದ ಮೇಲೆ ಪರ್ಮನೆಂಟ್ ಅಂದಿದ್ದಾರೆ. ನಂಬುವುದೋ ಬಿಡುವುದೋ. ಅದಕ್ಕೇ ಕಾಂದಿವಲಿಯ ಕಾರ್ಖಾನೆಯ ಜಾಗ ಬಿಟ್ಟಿಲ್ಲ. ಅಲ್ಲಿ ನನ್ನ ಪ್ರೆಸ್ಸಿನ ಮುಂದೆ ಹೆಂಡತಿ ಮಹಾದೇವಿಯ ತಮ್ಮ ಸಾಯಬಣ್ಣ ನಿಂತಿದ್ದಾನೆ. ನನ್ನ ಕಾರ್ಡು, ನನ್ನ ಹೆಸರಿನ ಹಾಜರಿ. ವಿಜಯಪುರದಿಂದ ಬಂದ ನಾವೆಲ್ಲ ಹೀಗೇ ಮಾಡುತ್ತೇವೆ. ಒಬ್ಬ ಊರಿಗೆ ಹೋದರೆ ಮನೆಯ ಇನ್ನೊಬ್ಬ ನಿಲ್ಲುತ್ತಾನೆ. ಕೆಲಸ ಮನುಷ್ಯನದಲ್ಲ, ಮನೆಯದು. ಸುಪರ್‌ವೈಸರ್ ಪೂವಪ್ಪನಿಗೆ ಗೊತ್ತು. ಮಾಲು ಹೊರಬಿದ್ದರೆ ಸಾಕು ಅವನಿಗೆ.

ಲೋಕಲ್‌ನಲ್ಲಿ ಸೀಟಿನ ಮೇಲೆ ಕರವಸ್ತ್ರ ಹಾಕಿ ಬಾಗಿಲಿಗೆ ಹೋಗಿ ನಿಲ್ಲುತ್ತೇವಲ್ಲ, ಹಾಗೆ.

ಜೂನ್ ೧೮, ಮಧ್ಯಾಹ್ನ

ಪೂವಪ್ಪನ ಫೋನ್.

"ಶಶಿಕಾಂತ, ನಿನಗೆ ಆಕ್ಸಿಡೆಂಟ್ ಆಗಿದೆ ಮಾರಾಯ."

ಚಾದರ ಮಡಚುತ್ತಿದ್ದೆ. ಇವನಿಗೆ ಹಗಲೇ ಏರಿದೆ ಅಂದುಕೊಂಡೆ.

"ನಿನ್ನ ಎರಡು ಬೆರಳು ಹೋಗಿದೆ. ಬಲಗೈ. ಆಸ್ಪತ್ರೆಗೆ ಬಾ. ಬಂದವ ನಿನ್ನ ಹೆಸರು ಮಾತ್ರ ಹೇಳಬೇಡ, ಆಯ್ತಾ?"

ಆಗ ಹೊಳೆಯಿತು. ಕೈ ನೋಡಿಕೊಂಡೆ. ಹತ್ತೂ ಇದ್ದವು.

ಜೂನ್ ೧೯

ತೋರುಬೆರಳು, ನಡುಬೆರಳು. ಬುಡದಿಂದಲೇ. ಬಿಜಾಗರಿಯ ತಗಡು ಒಳಗೆ ಸರಿಸುವಾಗ ಪ್ರೆಸ್ ತಾನೇ ಇಳಿಯಿತಂತೆ. ಆ ಮಶೀನು ಹಾಗೆ ಇಳಿಯುತ್ತದೆಂದು ನನಗೆ ಗೊತ್ತಿತ್ತು, ಪೂವಪ್ಪನಿಗೂ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಕೊಟ್ಟದ್ದು ನನ್ನ ಇ.ಎಸ್.ಐ. ವಿಮೆಯ ಕಾರ್ಡು. ಅದರಲ್ಲಿರುವುದು ನಾನು, ಮಹಾದೇವಿ, ಮಗಳು. ಮಸುಕು ಫೋಟೋ. ಮೀಸೆ ಇರುವ ಯಾರು ಬೇಕಾದರೂ ಆಗಬಹುದು. ಮಂಚದ ತಲೆಗೆ ಚೀಟಿ ಅಂಟಿಸಿದ್ದಾರೆ, ಶಶಿಕಾಂತ ಶಿವಪುತ್ರಪ್ಪ. ಕೆಳಗೆ ಮಲಗಿದವನು ಸಾಯಬಣ್ಣ.

ಮಹಾದೇವಿ ಅವನ ತಲೆ ಸವರುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ಹೊರಗೆ ಬಂದ ಮೇಲೆ ಅಂದದ್ದು ಒಂದೇ ಮಾತು.

"ಅವನ್ನ ನಿಲ್ಸಿದವ್ರು ನೀವು."

ನಾನೂ ಬಿಡಲಿಲ್ಲ. "ಖಾಲಿ ಕುಂತಾನ, ಕರಸ್ರಿ ಅಂದಾಕಿ ಯಾರು?"

ಮನೆಯಿರುವ ದಹಿಸರ್‌ವರೆಗೆ ಅವಳು ಲೇಡೀಸ್ ಡಬ್ಬಿಯಲ್ಲಿ, ನಾನು ಗಂಡಸರದರಲ್ಲಿ.

ಜುಲೈ ೨೨

ಸಾಯಬಣ್ಣ ನಮ್ಮ ಖೋಲಿಯಲ್ಲೇ ಇದ್ದಾನೆ. ಇರುವುದೇ ಒಂದು ಕೋಣೆ. ಟಿವಿಯ ಕೆಳಗೆ ಅವನ ಹಾಸಿಗೆ. ಅವನ ನೋವಿನ ಹಣ ನನ್ನ ಖಾತೆಗೆ ಬರುತ್ತದೆ, ನಾನು ತೆಗೆದು ಅವನ ಎಡಗೈಗೆ ಇಡುತ್ತೇನೆ. ಪ್ರತಿ ಸಲ ಒಂದೇ ಮಾತು, "ದೊಡ್ಡ ಉಪಕಾರ ಆತು ಮಾವಾ."

ಪೂವಪ್ಪ ಇವತ್ತು ಚಹಾ ಕುಡಿಸಿ ಲೆಕ್ಕ ಬಿಡಿಸಿದ. ಇ.ಎಸ್.ಐ.ನವರು ಪೆಟ್ಟು ಬಿದ್ದ ದಿನದ ಪಗಾರ ನೋಡುವುದಿಲ್ಲವಂತೆ. ಹಿಂದಿನ ಒಂದು ಅರ್ಧವರ್ಷ ಹಿಡಿಯುತ್ತಾರೆ, ನಮ್ಮ ಕೇಸಿಗೆ ಹೋದ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್. ಆಗಿನ ನನ್ನ ದಿನಗೂಲಿ ಆರುನೂರು. ನೂರಕ್ಕೆ ತೊಂಬತ್ತರಂತೆ ಐನೂರನಲವತ್ತು. ಗಾಯ ಮಾಯುವವರೆಗೆ ದಿನಕ್ಕೆ ಅಷ್ಟು. ಆ ಅರ್ಧವರ್ಷದಲ್ಲಿ ಸಾಯಬಣ್ಣ ಮುಂಬಯಿಯನ್ನೇ ನೋಡಿರಲಿಲ್ಲ. ಊರಲ್ಲಿ ಟಂಟಂ ರಿಕ್ಷಾ ಓಡಿಸುತ್ತಿದ್ದ. ಕಳೆದುಕೊಂಡವನು ಅವನು, ಬೆಲೆ ಕಟ್ಟುವುದು ನನ್ನ ಬೆವರಿನ ಮೇಲೆ.

"ಗಾಯ ಮಾಯ್ದ ಮೇಲೆ ಡಾಕ್ಟರರ ಬೋರ್ಡು ಕೂತು ಪರ್ಸೆಂಟ್ ಬರೀತದೆ. ತೋರುಬೆರಳು ಒಂದೇ ಹೋದ್ರೆ ಹದಿನಾಲ್ಕು. ನಡುವಿನದ್ದು ಒಂದೇ ಹೋದ್ರೆ ಹನ್ನೆರಡು. ಎರಡೂ ಒಟ್ಟಿಗೆ ಹೋದ್ರೆ ಇಪ್ಪತ್ತು."

"ಇಪ್ಪತ್ತಾರು ಆಗಬೇಕಲ್ರಿ?"

"ಹೋಲ್‌ಸೇಲ್ ರೇಟು ಮಾರಾಯ. ಐನೂರನಲವತ್ತರ ಇಪ್ಪತ್ತು ಪರ್ಸೆಂಟ್ ನೂರಾಎಂಟು. ದಿನಕ್ಕೆ. ಬದುಕಿರುವವರೆಗೆ."

ಮನೆಗೆ ಬಂದು ಹೇಳಿದೆ. ಹೇಳಬಾರದಿತ್ತು. ಸಾಯಬಣ್ಣ ನಕ್ಕ. ಆಕ್ಸಿಡೆಂಟ್ ಆದ ಮೇಲೆ ಮೊದಲ ನಗು, ಕೆಟ್ಟ ನಗು.

"ತಪ್ಪಾತಲ್ಲ ಮಾವಾ. ಈ ವರ್ಷ ಒಂದು, ಬರೂ ವರ್ಷ ಒಂದು ಕೊಯ್ಸ್ಕೋಬೇಕಿತ್ತು. ಆರು ಪರ್ಸೆಂಟ್ ಲುಕ್ಸಾನ್ ಮಾಡ್ದೆ ನಿನಗ."

ಆಗಸ್ಟ್ ೯

ನಮಿತಾ ಮೇಡಂ ಕರೆಸಿದರು. ಪರ್ಮನೆಂಟ್ ಕಾಗದ ಮೇಜಿನ ಮೇಲೇ ಇತ್ತು. ಆಧಾರ್ ಹಾಕಿದರೆ ಕಂಪ್ಯೂಟರ್ ನನ್ನ ಹಳೆಯ ಇ.ಎಸ್.ಐ. ನಂಬರ್ ತೋರಿಸಿದೆ. ಒಬ್ಬನಿಗೆ ಜೀವಮಾನಕ್ಕೆ ಒಂದೇ ನಂಬರಂತೆ. ಅವರು ಕಾಂದಿವಲಿಗೆ ಫೋನ್ ಮಾಡಿ ವಿಚಾರಿಸಿದ್ದಾರೆ.

"ಶಶಿಕಾಂತ್, ಅವರು ಬೋಲ್ತಾರೆ, ನೀವು ಇಂಜುರಿ ಲೀವ್ ಮೇಲೆ ಇದ್ದೀರಿ. ಟೂ ಫಿಂಗರ್ಸ್ ಇಲ್ಲ. ಹ್ಯಾಂಡ್ಸ್ ದಿಖಾವೋ."

ತೋರಿಸಿದೆ. ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಕಾಗದ ತೆಗೆದು ಡ್ರಾಯರಿಗೆ ಹಾಕಿದರು.

"ಇದನ್ನ ಕ್ಲಿಯರ್ ಮಾಡಿಸಿ ಬನ್ನಿ. ದೀವಾಳಿ ತಕ್ ಹೋಲ್ಡ್ ಮಾಡ್ತೀನಿ. ತಬ್ ತಕ್ ಬರಬೇಡಿ, ಪ್ಲೀಸ್."

ಹೋಟೆಲಿಗೆ ಹೋಗುವಂತಿಲ್ಲ. ಪ್ರೆಸ್ಸಿಗೆ ವಾಪಸ್ ಹೋಗೋಣವೆಂದರೆ ಬೆರಳು ಹೋದವನು ಹತ್ತು ಬೆರಳು ಹೊತ್ತು ಹೇಗೆ ಹೋಗಲಿ? ಹಾಕಿದ ಕರವಸ್ತ್ರ ಸೀಟಿನ ಮೇಲೇ ಇದೆ. ನನಗೇ ಕೂರಲು ಜಾಗವಿಲ್ಲ.

ಸೆಪ್ಟೆಂಬರ್ ೩

ಸಿಕ್ಕರೆ ಗೋದಾಮಿನಲ್ಲಿ ಹಮಾಲಿ. ಇಲ್ಲದಿದ್ದರೆ ಮನೆ. ಮನೆಗಿಂತ ಹಮಾಲಿ ವಾಸಿ.

ಪೂವಪ್ಪನ ಹತ್ತಿರ ಹೋಗಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ ಅಂದೆ. ಅವನು ಅಡಿಕೆ ಅಗಿಯುವುದು ನಿಲ್ಲಿಸಿದ.

"ಹೇಳು. ಸಾಯಬಣ್ಣ ಅಂತ ಯಾರೂ ನಮ್ಮಲ್ಲಿ ದುಡೀಲೇ ಇಲ್ಲ ಅಂತ ಸೇಠ್ ಬರ್ಕೊಡ್ತಾನೆ. ಅವನಿಗೆ ಪೈಸೆ ಇಲ್ಲ. ಸುಳ್ಳು ಹೇಳಿ ದುಡ್ಡು ತಗೊಂಡವ ಅಂತ ನಿನಗೆ ಜೈಲು. ಬೇಕಾ? ಹೇಳು."

ಈ ಮನುಷ್ಯನನ್ನು ಹನ್ನೆರಡು ವರ್ಷ ಅಣ್ಣಾ ಎಂದು ಕರೆದೆ. ಮಗಳ ನಾಮಕರಣಕ್ಕೆ ಬಂದು ತೊಟ್ಟಿಲು ತೂಗಿದ್ದ.

ಸಂಜೆ ಊಟಕ್ಕೆ ಕೂತಾಗ ಸಾಯಬಣ್ಣ ಚಮಚ ಕೆಳಗಿಟ್ಟ. ಎಡಗೈಯಲ್ಲಿ ರೊಟ್ಟಿ ಹರಿಯಲು ಬರುವುದಿಲ್ಲ, ಅನ್ನವನ್ನೇ ತಿನ್ನುತ್ತಾನೆ.

"ಮಾವಾ, ನೀ ಬಾಳ ಬೀಡಿ ಸೇದ್ತಿ. ಬಿಡು."

"ಯಾಕ್ಲೇ?"

"ಬದುಕಿರೂತನಕಾ ರೊಕ್ಕ ಅಂದ್ರಲ್ಲ. ಯಾರು ಬದುಕಿರೂತನಕಾ? ಕಾಗದದಾಗ ಶಶಿಕಾಂತ. ನೀ ಸತ್ತ ದಿನಾ ನನ್ನ ಬೆರಳಿನ ರೊಕ್ಕ ಬಂದ್. ಆರೋಗ್ಯ ನೋಡ್ಕೋ."

ತಾಟು ತಳ್ಳಿ ಎದ್ದೆ. ಒಂದು ಕೈ ಎತ್ತಿದೆನೋ ಏನೋ. ಮಹಾದೇವಿ ನಡುವೆ ಬಂದು ನಿಂತಳು. ಅವನ ಮುಂದೆ, ನನ್ನ ಎದುರಿಗೆ.

ಸೆಪ್ಟೆಂಬರ್ ೧೪

ಬೋರ್ಡಿನ ದಿನ ಗೊತ್ತಾಯಿತು. ಅಕ್ಟೋಬರ್ ನಾಲ್ಕು. ಕಾರ್ಡಿನಲ್ಲಿ ಕುಟುಂಬದ ಫೋಟೋ ಇರುವುದರಿಂದ ಹೆಂಡತಿಯೂ ಜೊತೆಗಿದ್ದರೆ ಯಾರೂ ಕೇಳುವುದಿಲ್ಲ ಅಂತ ಪೂವಪ್ಪನ ಉಪಾಯ. ಸಹಿ ಬೇರೆಯಾದರೂ ಚಿಂತೆಯಿಲ್ಲ, ಬಲಗೈಯೇ ಹೋಗಿದೆಯಲ್ಲ.

ಸಾಯಬಣ್ಣ ಹಳೆಯ ಪೇಪರ್ ಮೇಲೆ ಎಡಗೈಯಲ್ಲಿ ನನ್ನ ಸಹಿ ಕಲಿಯುತ್ತಿದ್ದಾನೆ. ಇಡೀ ಪುಟ ನನ್ನ ಹೆಸರು. ಸೊಟ್ಟ ಸೊಟ್ಟ. 

ಮಹಾದೇವಿಗೆ ಅಂದೆ, ನಾನು ಒಪ್ಪುವುದಿಲ್ಲ. ನನಗೂ ಕೆಲಸ ಬೇಕು, ನನ್ನ ಹೆಸರು ನನಗೆ ಬೇಕು.

"ಹೆಸರು, ಹೆಸರು. ಬಂಗಾರದ್ದೇನ್ರಿ ನಿಮ್ಮ ಹೆಸರು? ನಾ ಮದಿವಿ ಆದಾಗಿಂದ ಒಮ್ಮೆರ ಬಾಯಾಗ ತಗೊಂಡೀನೇನು? ನಡೀಲಿಲ್ಲೇನು ಸಂಸಾರ?"

"ನಿನ್ನ ತಮ್ಮನ್ನ ಕರ್ಕೊಂಡು ಹೋಗಿ ಗಂಡ ಅಂತೀಯೇನು?"

ಇದು ಬಾಯಿ ತಪ್ಪಿ ಬಂದದ್ದಲ್ಲ. ನೋಯಿಸಲೆಂದೇ ಅಂದೆ. ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು. ಮತ್ತೆ ನಾದತೊಡಗಿದಳು.

"ಅಂತೀನಿ," ಅಂದಳು.

ಅಕ್ಟೋಬರ್ ೪, ಬೆಳಿಗ್ಗೆ

ಹೊರಟಿದ್ದೇವೆ. ಸಾಯಬಣ್ಣ ನನ್ನ ಬಿಳಿ ಅಂಗಿ ಕೇಳದೆ ಹಾಕಿಕೊಂಡಿದ್ದಾನೆ. ಗುಂಡಿ ಹಾಕಿದವಳು ಮಹಾದೇವಿ. ನಾನು ಬರುವುದು ಬೇಡ ಅಂದರು ಇಬ್ಬರೂ. ಹೋಗಿಯೇ ಹೋಗುತ್ತೇನೆ. ಏನು ಮಾಡುತ್ತೇನೆ? ಗೊತ್ತಿಲ್ಲ.

ಅದೇ ದಿನ, ಸಂಜೆ

ಇದ್ದದ್ದು ಬರೆಯುತ್ತೇನೆ.

ಬೋರ್ಡಿನ ಕೋಣೆಯ ಹೊರಗೆ ಒಬ್ಬ ಕ್ಲಾರ್ಕ್. ಅವನ ಮೇಜಿನ ಮುಂದೆ ಸಾಯಬಣ್ಣ, ಪಕ್ಕದಲ್ಲಿ ಮಹಾದೇವಿ. ನಾನು ಗೋಡೆಯ ಹತ್ತಿರದ ಬೆಂಚಿನ ಮೇಲೆ, ಯಾರೋ ಮೂರನೆಯವನ ಹಾಗೆ. ಹೆಸರು ಕರೆದಾಗ ನನ್ನ ಕಾಲು ತಾನೇ ಎದ್ದಿತು. ಸಾಯಬಣ್ಣ ತಿರುಗಿ ನೋಡಿದ. ಕೂತೆ.

ಕ್ಲಾರ್ಕ್ ಕಾರ್ಡು ನೋಡಿದ, ಮಹಾದೇವಿಯನ್ನು ನೋಡಿದ. "ಮಿಸೆಸ್? ಪತಿ ಕಾ ನಾಮ್ ಬೋಲೋ."

ಅವಳು ತಲೆಯ ಮೇಲಿನ ಸೆರಗು ಮುಂದಕ್ಕೆ ಎಳೆದಳು.

"ಬೋಲೋ ಬೋಲೋ. ಯೇ ಪತಿ ಹೈ ನಾ?"

ಸೆರಗಿನ ತುದಿ ಹಲ್ಲಿಗೆ ಸಿಕ್ಕಿಸಿಕೊಂಡಳು. ಕ್ಲಾರ್ಕ್‌ಗೆ ನಗು ಬಂತು. ಕೆಟ್ಟವನಲ್ಲ. ಪಕ್ಕದವನಿಗೆ ಅಂದ, ಊರಿನ ಹೆಂಗಸು, ಗಂಡನ ಹೆಸರು ಹೇಳುವುದಿಲ್ಲ. ನಮ್ಮ ಅಜ್ಜಿಯೂ ಹೀಗೇ. ಅವನೇ ಪೆನ್ನು ತೆಗೆದು ಬರೆಯಲು ಬಗ್ಗಿದ. ಅಷ್ಟಕ್ಕೆ ಮುಗಿದುಹೋಗುತ್ತಿತ್ತು. ಅವಳ ನಾಚಿಕೆ ಎಂದು ತಿಳಿದು ಅವನೇ ಸುಳ್ಳನ್ನು ಪೂರ್ತಿ ಮಾಡುತ್ತಿದ್ದ. ಆದರೆ ತಮಾಷೆಗೆ ಇನ್ನೊಂದು ಮಾತು ಸೇರಿಸಿದ.

"ಅಚ್ಛಾ, ನಾಮ್ ಮತ್ ಲೋ. ಉಂಗ್ಲೀ ಸೇ ದಿಖಾವೋ. ಪತಿ ಕೌನ್?"

ಸಾಯಬಣ್ಣ ಅವಳ ಮೊಳಕೈಗೆ ತಾಗಿಯೇ ನಿಂತಿದ್ದ. ಬೆರಳು ಒಂದು ಗೇಣು ಸರಿದರೆ ಸಾಕಿತ್ತು. ಅವಳ ಕೈ ಎದ್ದಿತು. ಅವನ ಬಿಳಿ ಅಂಗಿಯವರೆಗೆ ಬಂತು. ನಿಂತಿತು. ಎತ್ತಿ ಆಡಿಸಿದ ತಮ್ಮ. ಬೆರಳು ಅವನನ್ನು ದಾಟಿತು, ಬೆಂಚುಗಳ ಮೇಲಿಂದ ಬಂದು ನನ್ನ ಮುಖಕ್ಕೆ ನೆಟ್ಟಿತು.

ಕ್ಲಾರ್ಕ್ ಆ ಬೆರಳಿನ ಜಾಡು ಹಿಡಿದು ನನ್ನನ್ನು ನೋಡಿದ. ನಗು ಮುಖದಲ್ಲೇ ಉಳಿದಿತ್ತು, ಅರ್ಥ ಹೋಗಿತ್ತು.

ಎದ್ದು ಹೋದೆ. ಹೆಸರು ಕೇಳಿದ. ಹೇಳಿದೆ. ನನ್ನ ಹೆಸರು ನನ್ನ ಬಾಯಿಂದ ಎಷ್ಟು ದಿನದ ಮೇಲೆ.

ಆಮೇಲೆ ಎಲ್ಲ ಹೊರಬಿತ್ತು. ಒಳಗಿಂದ ಅಧಿಕಾರಿ ಬಂದರು. ಇಬ್ಬರ ಹೇಳಿಕೆ ಬರೆದುಕೊಂಡರು. ನನಗೆ ನೋಟೀಸು ಬರುತ್ತದೆ, ತೆಗೆದುಕೊಂಡದ್ದನ್ನೆಲ್ಲ ಕಟ್ಟಬೇಕಾಗಬಹುದು, ಇನ್ನೂ ಏನೇನೋ ಆಗಬಹುದು. ಸಾಯಬಣ್ಣನಿಗೆ ಅಂದರು, ಕಾರ್ಡು ಇಲ್ಲದಿದ್ದರೂ ದುಡಿದವನಿಗೆ ಹಕ್ಕಿದೆ. ಆದರೆ ಅಲ್ಲಿ ದುಡಿದದ್ದಕ್ಕೆ ಸಾಕ್ಷಿ ಬೇಕು. ಲೆಕ್ಕ ನಿನ್ನ ಕೂಲಿಯ ಮೇಲೆ. ನಿನ್ನ ಕೂಲಿ ಎಷ್ಟು?

ಅವನಿಗೆ ಗೊತ್ತಿರಲಿಲ್ಲ. ಅವನ ಹೆಸರಿಗೆ ಕೂಲಿಯೇ ಇರಲಿಲ್ಲ.

ವಾಪಸ್ ಬರುವಾಗ ಮೂವರೂ ಒಂದೇ ಡಬ್ಬಿಯಲ್ಲಿ. ಬೋರಿವಲಿ ದಾಟಿದ ಮೇಲೆ ಸಾಯಬಣ್ಣ ಬಾಯಿ ಬಿಟ್ಟ.

"ಅಕ್ಕಾ, ಬೆರಳು ತೋರ್ಸೂದು ನಿನಗ ಸರಳ."

ಮಹಾದೇವಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಇನ್ನೂ ಹೊರಗೆ ತೆಗೆದಿಲ್ಲ. ಸ್ಟೋವ್ ಹೊತ್ತಿಸಿಲ್ಲ. ಮಗಳು ಪಕ್ಕದ ಖೋಲಿಯಲ್ಲಿ ಉಣ್ಣುತ್ತಿದ್ದಾಳೆ.

ನಾಳೆ ಕಾರ್ಖಾನೆಯ ಹುಡುಗರನ್ನು ಒಬ್ಬೊಬ್ಬರಾಗಿ ಕೇಳಬೇಕು, ಸಾಯಬಣ್ಣ ನಿಂತದ್ದನ್ನು ನೋಡಿದ್ದೇವೆ ಅಂತ ಹೇಳುತ್ತೀರಾ ಎಂದು. ಯಾರು ಹೇಳುತ್ತಾರೆ? ಅವರಲ್ಲಿ ಅರ್ಧ ಮಂದಿ ಇನ್ನೊಬ್ಬನ ಹೆಸರಲ್ಲಿ ನಿಂತವರೇ.

ಬಾಗಿಲು ಬಡಿಯುತ್ತಿದ್ದಾರೆ. ಪೂವಪ್ಪನ ದನಿ. "ಏ ಶಶಿಕಾಂತ, ಹೊರಗೆ ಬಾ. ಎಂಥ ಮಾಡಿಟ್ಟೆ ನೀನು?"

ಮಹಾದೇವಿ ಏಳಲಿಲ್ಲ. ನಾನು ಏಳುವುದರೊಳಗೆ ಸಾಯಬಣ್ಣ ಎದ್ದ. ಚಿಲಕಕ್ಕೆ ಕೈ ಚಾಚಿದ್ದಾನೆ. ಮರೆತು, ಬಲಗೈಯನ್ನೇ. ಹಿಡಿಯಲು ಹೋಗುತ್ತಾನೆ, ಜಾರುತ್ತದೆ, ಮತ್ತೆ ಹಿಡಿಯಲು ಹೋಗುತ್ತಾನೆ.