ಪೇಷಂಟಿನ ಎಡಕ್ಕೆ

ಹಿಲ್ಸ್‌ಬರೋ
ನವೆಂಬರ್ 9, 2025, ರವಿವಾರ

ನನ್ನ ಸಂಹಿತಾ,

ನೂರು ಕಾಲ ಸುಖವಾಗಿರು. ಅಮ್ಮನಿಂದ ಕಾಗದ ಬಂತೆಂದು ಗಾಬರಿಯಾಗಬೇಡ. ಫೋನು ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಮೆಸೇಜು ಹಾಕಿದರೆ ಅವರ ಐಪ್ಯಾಡಿನಲ್ಲೂ ಟಣ್ ಎನ್ನುತ್ತದೆ; ಹಾಗೆ ಜೋಡಿಸಿಕೊಟ್ಟವಳು ನೀನೇ. ಅದಕ್ಕೇ ಈ ಕಾಗದ. ನಾಲ್ಕನೆಯ ಇಯತ್ತೆಯವರೆಗೆ ನೀನು ಧಾರವಾಡದಲ್ಲಿ ಕಲಿತ ಕನ್ನಡ ಇವತ್ತು ಉಪಯೋಗಕ್ಕೆ ಬರಲಿ. ನಿಧಾನವಾಗಿ ಓದು. ತಿಳಿಯದ ಶಬ್ದವಿದ್ದರೆ ಯಾರನ್ನಾದರೂ ಕೇಳು, ಅಪ್ಪನನ್ನು ಮಾತ್ರ ಕೇಳಬೇಡ.

ಅಪ್ಪ ಕಳಿಸಿದ ಡ್ರೋನ್ ವಿಡಿಯೋ ನೋಡಿ ನೀನು ಬರೆದ ಉತ್ತರವನ್ನು ನಾನೂ ಓದಿದೆ. ಅಪ್ಪನ ಕೈ ಇಷ್ಟು ಸ್ಥಿರವಾಗಿದೆ ಎಂದು ಗೊತ್ತಿರಲಿಲ್ಲ, ನೋಡಿ ಅತ್ತುಬಿಟ್ಟೆ, ಇನ್ನು ಬಾಸ್ಟನ್ ಬಿಟ್ಟು ನಿಮ್ಮ ಹತ್ತಿರ ಬಂದು ಇರುವ ಯೋಚನೆ ಕೈಬಿಟ್ಟು ಎಡಿನ್‌ಬರೋದ ಕೆಲಸಕ್ಕೆ ಹೂಂ ಅನ್ನುತ್ತೇನೆ ಎಂದು ಬರೆದಿದ್ದೆ ನೀನು. ನವೆಂಬರ್ 17, ಸೋಮವಾರದೊಳಗೆ ಅವರಿಗೆ ಉತ್ತರ ಕೊಡಬೇಕು ಎಂದೂ ಇತ್ತು. ಹಳೆಯ ಕಲ್ಲಿನ ಕಟ್ಟಡಗಳನ್ನು ದುರಸ್ತಿ ಮಾಡುವ ಕೆಲಸ, ನೀನು ಕಾಲೇಜಿನ ದಿನಗಳಿಂದ ಆಸೆಪಟ್ಟದ್ದು. ಅಪ್ಪ ಆ ಮೆಸೇಜನ್ನು ನನಗೆ ಜೋರಾಗಿ ಓದಿ ಹೇಳಿದರು. ಆಮೇಲೆ "ಕೆಲಸ ಆತು" ಅಂದರು. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಪಾರ್ಕಿನ್ಸನ್ ಎಂದು ಡಾಕ್ಟರು ಹೇಳಿದ ದಿನ ನೀನೂ ಜತೆಗಿದ್ದೆ. ಗುಳಿಗೆ ಹಿಡಿದರೆ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ ಎಂದದ್ದನ್ನು ನಾವು ಮೂವರೂ ಕೇಳಿಸಿಕೊಂಡು ಖುಷಿಪಟ್ಟೆವು. ಚೆನ್ನಾಗಿರುವುದು ಎಂದರೇನು ಎಂದು ಯಾರೂ ಕೇಳಲಿಲ್ಲ. ಬೇರೆಯವರಿಗೆ ಚೆನ್ನಾಗಿರುವುದು ಬೇರೆ, ಅಪ್ಪನಂಥ ಹಲ್ಲಿನ ಡಾಕ್ಟರಿಗೆ ಚೆನ್ನಾಗಿರುವುದು ಬೇರೆ. ಕ್ಲಿನಿಕ್ಕು ಮುಚ್ಚಿದ ಮೇಲೆ ಅಪ್ಪ ಕೂತಲ್ಲೆಲ್ಲ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಒತ್ತಿಕೊಂಡು ಕೂರುತ್ತಾರೆ. ಕೇಳಿದರೆ ಥಂಡಿ ಎನ್ನುತ್ತಾರೆ. ಜುಲೈ ತಿಂಗಳಲ್ಲೂ ಅವರಿಗೆ ಥಂಡಿಯೇ.

ಈ ವರ್ಷದ ಜುಲೈಯಲ್ಲೇ ಕನ್ನಡ ಸಂಘದ ಪಿಕ್ನಿಕ್ಕಿಗೆ ಹೋಗಿದ್ದೆವು. ಪಕ್ಕದ ಊರು ಕೆಂಡಲ್ ಪಾರ್ಕಿನ ವಿಜಯ್ ತನ್ನ ಡ್ರೋನು ತಂದಿದ್ದ. ಮುಖದ ಅರ್ಧ ಮುಚ್ಚುವಂಥ ದೊಡ್ಡ ಕನ್ನಡಕ ಹಾಕಿಕೊಂಡರೆ ಡ್ರೋನಿಗೆ ಕಂಡದ್ದೆಲ್ಲ ನಮಗೇ ಕಾಣುತ್ತದಂತೆ, ನಾವೇ ಅದರೊಳಗೆ ಕೂತಂತೆ. ಅಪ್ಪನಿಗೆ ಒಮ್ಮೆ ಹಾಕಿ ತೋರಿಸಿದ. ಅಪ್ಪ ಚಿತ್ರಾನ್ನದ ತಟ್ಟೆ ಬದಿಗಿಟ್ಟು, ಕೈ ತೊಡೆಯ ಕೆಳಗಿನಿಂದ ತೆಗೆದು, ಕುರ್ಚಿಯಿಂದ ಎದ್ದು ನಿಂತರು. ಅವರು ಹಾಗೆ ಬಾಯಿ ತೆರೆದು ನಿಂತದ್ದನ್ನು ನಾನು ನಮ್ಮ ಮದುವೆಯಾದ ಮೇಲೆ ನೋಡಿರಲಿಲ್ಲ.

ಅಲ್ಲಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಈ ಮನೆ ಕೊಳ್ಳುವಾಗಲೂ ಅವರು ಇಷ್ಟು ಓದಿರಲಿಲ್ಲ. ಬಿಡಿ ಭಾಗ ತರಿಸಿ ತಾವೇ ಜೋಡಿಸಿದರೆ ಹೇಗೆ, ಸಿದ್ಧವಾದದ್ದು ಕೊಂಡರೆ ಹೇಗೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಗಾಳಿಗೆ ಯಾವುದು ತಡೆಯುತ್ತದೆ. ಊಟಕ್ಕೆ ಕೂತರೂ ಅದೇ. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು, ಆದರೂ ಮನುಷ್ಯ ಮಾತಾಡುತ್ತಿದ್ದಾರಲ್ಲ ಎಂದು ಕೇಳಿಸಿಕೊಳ್ಳುತ್ತಿದ್ದೆ. ವಿಜಯ್ ಮಾತ್ರ ಪ್ರತಿ ಸಲ ಒಂದೇ ಮಾತು ಹೇಳಿದ: ಅಂಕಲ್, ಹೊಸಬರಿಗೆ ಸಿದ್ಧವಾದದ್ದೇ ಸರಿ, ರೆಕ್ಕೆಗಳ ಸುತ್ತ ಬಳೆಯಂಥ ರಕ್ಷಣೆ ಇರುವುದನ್ನೇ ತಗೊಳ್ಳಿ, ಮೊದಲು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ, ಪರದೆಯ ಮೇಲಿನ ಸುಳ್ಳು ಡ್ರೋನಿನಲ್ಲಿ, ಪ್ರಾಕ್ಟೀಸ್ ಮಾಡಿ, ಮನಸ್ಸಿಗೆ ತೃಪ್ತಿಯಾಗುವಷ್ಟು ಬೀಳಿಸಿ. ಅಪ್ಪ ಕೇಳಲಿಲ್ಲ. ತಾವೇ ಜೋಡಿಸುತ್ತೇನೆಂದು ಬೆಸುಗೆ ಹಾಕುವ ಕಡ್ಡಿ ತರಿಸಿದರು, ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಹಾಕುತ್ತಿದ್ದ ಭೂತಗನ್ನಡಿ ಹಾಕಿಕೊಂಡು ಟೇಬಲ್ಲಿಗೆ ಕೂತರು. ನಾನು ಪಲ್ಯಕ್ಕೆ ಬೀನ್ಸ್ ಹೆಚ್ಚುತ್ತ ನೋಡುತ್ತಿದ್ದೆ. ಕಡ್ಡಿಯ ತುದಿ ಸಾಸಿವೆಯಷ್ಟಿದ್ದ ಜಾಗದ ಸುತ್ತ ತಿರುಗಿತೇ ಹೊರತು ಅದರ ಮೇಲೆ ಕೂರಲಿಲ್ಲ. ಅದೇ ಕೈ ನಿನ್ನ ಹಾಲುಹಲ್ಲನ್ನು ನಿನಗೆ ಗೊತ್ತಾಗದಂತೆ ಕಿತ್ತಿತ್ತು. ಅಪ್ಪ ಕಡ್ಡಿಯ ಪ್ಲಗ್ ತೆಗೆದು, ಎಲ್ಲವನ್ನೂ ಡಬ್ಬಿಗೆ ತುಂಬಿ, ವಿಜಯ್ ಹೇಳಿದ್ದೇ ಸರಿ ಎಂದರು. ನಾನು ಏನೂ ನೋಡದವಳ ಹಾಗೆ ಬೀನ್ಸ್ ಹೆಚ್ಚಿದೆ.

ಡ್ರೋನು ಬಂತು, ಎರಡು ಅಂಗೈಯಲ್ಲಿ ಹಿಡಿಯುವಷ್ಟು. ಸಿಮ್ಯುಲೇಟರಿನಲ್ಲಿ ಅಪ್ಪ ದಿನವೂ ಕಲಿತರು. ಮಧ್ಯಾಹ್ನ ಅವರು ಮಲಗಿದಾಗ ನಾನೂ ಕೂತು ಬೀಳಿಸುತ್ತಿದ್ದೆ, ಹೊತ್ತು ಹೋಗಬೇಕಲ್ಲ. ಸೆಪ್ಟೆಂಬರಿನಲ್ಲಿ ಊರಾಚೆಯ ಮೈದಾನಕ್ಕೆ ಹೊರಟೆವು. ಕನ್ನಡಕ ಹಾಕಿದವರಿಗೆ ಸುತ್ತಲಿನದು ಕಾಣುವುದಿಲ್ಲ, ಆದ್ದರಿಂದ ಬರಿಗಣ್ಣಿನಿಂದ ಡ್ರೋನನ್ನೇ ನೋಡುತ್ತ ಒಬ್ಬರು ಪಕ್ಕದಲ್ಲಿ ನಿಲ್ಲಲೇಬೇಕು ಎಂಬುದು ಇಲ್ಲಿನ ನಿಯಮ. ಆ ಒಬ್ಬರು ನಾನು. "ನೀ ಬರೇ ನೋಡ್ಕೋತ ನಿಂದ್ರು, ಏನರ ಅಡ್ಡ ಬಂದ್ರ ಹೇಳು, ಅಷ್ಟ" ಎಂದು ಮಡಚುವ ಕುರ್ಚಿಯಲ್ಲಿ ಕೂತರು. ಅಷ್ಟೇ ಎಂದರು ನೋಡು. ಗಂಡನ ಕೈ ರಿಮೋಟಿನ ಮೇಲೆ ನಡುಗುವುದನ್ನು ನೋಡಬಾರದು, ಆಕಾಶ ನೋಡಬೇಕು. ಕಂಡದ್ದನ್ನು ಹೇಳಬಹುದು, ಕೈ ಹಾಕುವಂತಿಲ್ಲ.

ಹೋಗುವಾಗ ಚೆನ್ನಾಗಿಯೇ ಹೋಯಿತು. ವಾಪಸು ನಮ್ಮ ಕಡೆ ಮುಖ ಮಾಡಿ ಬರುವಾಗ ಒಂದು ಒಣಗಿ ನಿಂತ ಆ್ಯಶ್ ಮರದ ಹತ್ತಿರ ಬಂತು. ನನ್ನ ಬಲಕ್ಕೆ ಮರ. ಆ ಸಣ್ಣ ಒಣ ರೆಂಬೆಗಳು ಕನ್ನಡಕದಲ್ಲಿ ಕಾಣುವುದಿಲ್ಲ. ನಾನು "ಎಡಕ್ಕ, ಎಡಕ್ಕ" ಎಂದು ಕೂಗಿದೆ. ಅಪ್ಪ ಎಡಕ್ಕೇ ತಿರುಗಿಸಿದರು. ಅದರ ಎಡಕ್ಕೆ. ಎದುರು ಬರುವ ಡ್ರೋನಿನ ಎಡ ನನಗೆ ಬಲವಲ್ಲವೇ? ನೇರ ಮರಕ್ಕೆ ಹೋಗಿ ಬಡಿಯಿತು.

ಅಪ್ಪ ಕನ್ನಡಕ ತೆಗೆಯಲಿಲ್ಲ. ಕೂತಲ್ಲಿಂದಲೇ "ಪ್ರಭಾ, ಯಾರ ಎಡಕ್ಕ?" ಎಂದು ಕೇಳಿದರು. ಕ್ಲಿನಿಕ್ಕಿನಲ್ಲಿ ನಾನು ಅವರ ಪಕ್ಕ ನಿಂತು ಕೆಲಸ ಮಾಡಿದ ವರ್ಷಗಳೆಲ್ಲ ಎಡ ಎಂದರೆ ಪೇಷಂಟಿನ ಎಡವೇ ಹೊರತು ಎದುರು ನಿಂತ ನಮ್ಮ ಎಡವಲ್ಲ. ಮೊದಲ ದಿನವೇ ಕಲಿಸಿದ ಪಾಠ ಅದು. ಮೈದಾನದಲ್ಲಿ ನನಗೆ ಅದು ಹೊಳೆಯಲಿಲ್ಲ, ಗಂಡನಿಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಡಾಕ್ಟರಾಗಿಯೇ ಕೇಳಿಸಿಕೊಂಡಿದ್ದರು. ಇಬ್ಬರೂ ನಕ್ಕೆವು. ನಗುನಗುತ್ತಲೇ ಅಪ್ಪ, ನೀನು ಸರಿಯಾಗಿ ಹೇಳಿದ್ದರೂ ನನ್ನ ಹೆಬ್ಬೆರಳು ಕೇಳುತ್ತಿರಲಿಲ್ಲ, ಅದು ಆಗಲೇ ತನ್ನ ಪಾಡಿಗೆ ಹೋಗಿತ್ತು ಎಂದರು. ಆಮೇಲೆ ನಾವು ನಗಲಿಲ್ಲ. ಮರದ ಬುಡದಲ್ಲಿ ಬಿದ್ದ ಡ್ರೋನನ್ನು ನಾನೇ ಹೋಗಿ ತಂದೆ.

ರೆಕ್ಕೆ ಬದಲಿಸಿದೆವು. ಅಕ್ಟೋಬರಿನಲ್ಲಿ ಎಲೆಗಳೆಲ್ಲ ಕೆಂಪಗಾದಾಗ ಮತ್ತೆ ಹೋದೆವು. ಆ ದಿನದ್ದೇ ನೀನು ನೋಡಿದ ವಿಡಿಯೋ. ಅದರ ಬಗ್ಗೆ ಬರೆಯಬೇಕೆಂದೇ ಈ ಕಾಗದ ಹಿಡಿದೆ, ಆದರೆ ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತದೆ. ನಿನಗೆ ಏನೂ ಹೇಳಬಾರದೆಂದು ಅಪ್ಪ ನನ್ನಿಂದ ಮಾತು ತಗೊಂಡಿದ್ದಾರೆ. "ನನ್ನ ಸಲುವಾಗಿ ಆಕಿ ತನ್ನ ಕೆಲಸ ಬಿಟ್ಟು ಇಲ್ಲಿ ಬಂದು ಕೂತ್ರ, ಆ ಸಂಕಟ ನನಗ ಈ ಜಡ್ಡಿಗಿಂತ ಹೆಚ್ಚಿಂದು" ಎಂದರು. ಅವರು ನಿನಗೆ ಸುಳ್ಳು ಬರೆದಿಲ್ಲ. ವಿಡಿಯೋ ಕಳಿಸಿದರು, ಒಂದಕ್ಷರ ಬರೆಯಲಿಲ್ಲ. ಉಳಿದದ್ದನ್ನು ನೀನೇ ತಿಳಿದುಕೊಂಡೆ.

ಈಗ ಅಪ್ಪನ ಅಂಗಿಯ ಗುಂಡಿ ನಾನು ಹಾಕುತ್ತೇನೆ. ಸಾರು ಬಟ್ಟಲಲ್ಲಿ ಅಲ್ಲ, ಹಿಡಿಕೆಯಿರುವ ಮಗ್ಗಿನಲ್ಲಿ. ನಿನ್ನ ಕಾಲ್ ಬರುವ ಮುಂಚೆ ಅವರ ಕೈ ಕಾಣದ ಹಾಗೆ ಫೋನನ್ನು ನಿಲ್ಲಿಸಿಕೊಡುವವಳೂ ನಾನೇ. ಬಾ ಎಂದು ನಿನಗೆ ಬರೆದರೆ ಅವರಿಗೆ ಉಳಿದಿರುವ ಒಂದೇ ಒಂದು ಸಂತೋಷ ಕಿತ್ತುಕೊಂಡಂತೆ. ಹೋಗು ಎಂದರೆ ನಾಳೆ ನೀನೇ ನನ್ನನ್ನು ಕೇಳುತ್ತೀ, ಅಮ್ಮ, ಪಕ್ಕದಲ್ಲೇ ನಿಂತವಳು ನೀನು, ಯಾಕೆ ಹೇಳಲಿಲ್ಲ ಎಂದು. ಎರಡೂ ನನ್ನ ಬಾಯಿಗೆ ಬರುತ್ತಿಲ್ಲ, ಸಂಹಿತಾ. ಹೋಗುವುದಿದ್ದರೆ ನಿನ್ನ ಆಸೆಗಾಗಿ ಹೋಗು, ಆ ವಿಡಿಯೋ ನಂಬಿ ಮಾತ್ರ ಹೋಗಬೇಡ. ಇಷ್ಟು ಹೇಳುವುದಕ್ಕೂ ನಾನು ಮೂರು ಸಲ ಹರಿದು ಬರೆಯಬೇಕಾಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ಎದ್ದ ಸದ್ದು ಕೇಳುತ್ತಿದೆ, ಚಹಾ ಇಡಬೇಕು.

ನಿನ್ನ ದಾರಿ ನೋಡುವ, ನೋಡುತ್ತೇನೆಂದು ಹೇಳಲಾರದ
ಅಮ್ಮ,
ಪ್ರಭಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನಗೆ ಬಂದ ವಿಡಿಯೋ ಕೆಂಪು ಮರಗಳ ಮೇಲೆ ತಿರುಗುವಲ್ಲಿಗೆ ಮುಗಿಯುತ್ತದೆ. ಅಪ್ಪ ಅದರ ಮುಂದಿನದನ್ನು ಕತ್ತರಿಸಿ ಕಳಿಸಿದರು. ಆ ಭಾಗದಲ್ಲಿ ಡ್ರೋನು ನಮ್ಮ ಕಡೆ ಬಂದು ಇಳಿಯುತ್ತದೆ, ನಾವಿಬ್ಬರೂ ಕಾಣುತ್ತೇವೆ. ಅಪ್ಪ ಕುರ್ಚಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, "ಪೇಷಂಟಿನ ಎಡಕ್ಕ, ಇನ್ನೊಂದೀಟು, ಸಾಕು" ಎನ್ನುತ್ತಿದ್ದಾರೆ. ಅವರ ಎರಡೂ ಕೈಗಳು ತೊಡೆಗಳ ಕೆಳಗಿವೆ. ರಿಮೋಟು ನನ್ನ ಕೈಯಲ್ಲಿದೆ.