ಎಡಗಾಲಿನ ಚಪ್ಪಲಿ ಹುಡುಕಬೇಡ

ಕೂಯಾ,

ಇವತ್ತು ನಿನ್ನನ್ನು ಕೂಯಾ, ಅಣ್ಣ ಎಂದು ಕರೆಯಲೂ ಮನಸ್ಸಿಲ್ಲ. ಅಭ್ಯಾಸಬಲದಿಂದ ಬರೆದುಬಿಟ್ಟೆ.

ಒಲೆಯ ಮೇಲೆ ಗಂಜಿ ಇದೆ, ಶುಂಠಿ ಜಾಸ್ತಿ ಹಾಕಿದ್ದೇನೆ. ಕುಡಿದ ಮೇಲೆ ಮಾತ್ರೆ ನುಂಗು. ಕಾಫಿ ಡಬ್ಬಿ ನನ್ನ ಬಾಡಿಗೆ ಟ್ರೈಸಿಕಲ್ಲಿನ ಸೀಟಿನ ಕೆಳಗಿದೆ, ಹುಡುಕಬೇಡ.

ನಿನ್ನ ಬೂಟು ಬಚ್ಚಿಟ್ಟರೆ ಸಾಕು ಎಂದುಕೊಂಡಿದ್ದು ನನ್ನ ದಡ್ಡತನ. ನಮ್ಮ ಓಣಿಯಲ್ಲಿ ಬೂಟು ಹಾಕಿಕೊಂಡು ಬಾಸ್ಕೆಟ್‌ಬಾಲ್ ಆಡುವವರು ಯಾರಿದ್ದಾರೆ? ನಿನ್ನೆ ನೀನೂ ಚಪ್ಪಲಿಯಲ್ಲೇ ಎದುರಿನ ಕೋರ್ಟಿಗೆ ಇಳಿದೆಯಂತೆ. ಅಂಗಡಿಯ ಆಲಿಂಗ್ ಸೆನ್ಯಾಂಗ್ ಹೇಳಿದರು: "ನಿಮ್ಮಣ್ಣ ಏನ್ ಹಾರ್ದ ಅಂತೀಯ! ಆಪರೇಷನ್ ಆದವ್ನ ಥರಾನೇ ಇರ್ಲಿಲ್ಲ ಕಣೋ!" ಹೆಮ್ಮೆ ಬೇರೆ ಅವರಿಗೆ.

ಡಾಕ್ಟರು ತೊಡೆಸಂದಿಯಿಂದ ತಂತಿ ತೂರಿಸಿ ನಿನ್ನ ಎದೆಬಡಿತವನ್ನು ದಾರಿಗೆ ತಂದಿದ್ದಾರೆ. ಆ ಗಾಯ ಬಿಚ್ಚಿಕೊಂಡರೆ ಮನಿಲಾದ ನಿನ್ನ ತಂಡ ಮತ್ತೆ ಕರೆಯುತ್ತದೆಯೇ? ತಂಡ ಹಾಳಾಗಲಿ. ಆವತ್ತು ಎದೆಬಡಿತ ತಪ್ಪಿ ಬಿದ್ದವನನ್ನು ಎತ್ತಿದ್ದು ನಾನು. ವಿದ್ಯುತ್ ಕಂಬದಷ್ಟು ಉದ್ದ ಇದ್ದೀಯ, ಇನ್ನೊಮ್ಮೆ ಎತ್ತಲಾರೆ.

ಅದಕ್ಕೇ ಮನೆಯ ಎಡಗಾಲಿನ ಚಪ್ಪಲಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಕೆಲಸಕ್ಕೆ ಹೊರಟಿದ್ದೇನೆ. ಅಮ್ಮನದೂ ಅದರಲ್ಲಿದೆ. ಅವಳ ಬೈಗುಳ ನೀನೇ ತಿನ್ನು.

ಸಂಜೆಯ ಪಂದ್ಯಕ್ಕೆ ಹುಡುಗರು ಕರೆಯಲು ಬಂದರೆ ಬಾಗಿಲು ತೆಗೆಯಬೇಡ. ನಿನ್ನ ಜಾಗದಲ್ಲಿ ನಾನು ಆಡುತ್ತೇನೆಂದು ಹೇಳಿಬಿಟ್ಟಿದ್ದೇನೆ. ನಿನ್ನ ಆಟದ ಬನಿಯನ್ ನನಗೆ ಮೊಣಕಾಲು ಮುಟ್ಟುತ್ತದೆ, ಓಣಿಯೆಲ್ಲ ನಗುತ್ತದೆ, ನಾವು ಸೋಲುತ್ತೇವೆ. ಸೋಲೋಣ ಬಿಡು.

ಕಿಟಕಿಯ ಹತ್ತಿರ ಕುರ್ಚಿ ಹಾಕಿದ್ದೇನೆ. ಕೂಗಬೇಕು ಅನ್ನಿಸಿದರೆ ಕೂತೇ ಕೂಗು.

ಬೊಯೆಟ್